ಏರುವವರ ಲೆಕ್ಕ

ಅರೇಹಳ್ಳಿ ಸೆಕ್ಷನ್ನಿನಲ್ಲಿ ಹತ್ತೊಂಬತ್ತು ವರ್ಷ
ಕಂಬ ಹತ್ತಿದವನು ನಾನು.
ನನ್ನ ಹಾಗೆ ಹತ್ತುವವರು ಇನ್ನಾರೆಂದು
ಬೆಲ್ಟು ಬಿಗಿದು ನಿಂತಾಗೆಲ್ಲ ಕಂಡಿದ್ದೇನೆ.

ಕೇರೆ ಹತ್ತುತ್ತದೆ.
ಟ್ರಾನ್ಸ್‌ಫಾರ್ಮರಿನ ನೆತ್ತಿಯಲ್ಲಿ ಗೊರವಂಕ ಗೂಡು ಕಟ್ಟಿದರೆ
ಸ್ಟೇ ವೈರು ಹಿಡಿದು, ಪಂಕ್ತಿಗೆ ತಡವಾದ ನೆಂಟನಂತೆ
ಸರಸರ ಮೇಲೆ.
ಹಲ್ಲಿನಲ್ಲಿ ವಿಷವಿಲ್ಲ, ತಲೆಯಲ್ಲಿ ಯೋಚನೆಯಿಲ್ಲ.
ಒಂದು ತಂತಿಗೆ ತಲೆ, ಇನ್ನೊಂದಕ್ಕೆ ಬಾಲ,
ಮೂರು ಊರು ಕತ್ತಲೆ.

ಹಸಿರು ಹಾವು ಬೇಲಿಯ ಲಂಟಾನದಲ್ಲಿ
ಗಾಳಿ ಬಂದರೆ ಗಾಳಿಯಷ್ಟೇ ತೂಗುತ್ತದೆ.
ಕಣ್ಣು ಕುಕ್ಕುತ್ತದೆ, ಹುಷಾರು, ಅನ್ನುತ್ತಿದ್ದಳು ಅಜ್ಜಿ.
ಇಷ್ಟು ವರ್ಷದಲ್ಲಿ ನನ್ನ ಕಣ್ಣು ಕುಕ್ಕಿದ್ದು
ಗ್ರೀಸು, ಬಿಸಿಲು, ಒಮ್ಮೆ ಒಂದು ಕಾಗೆ.

ಮೆಣಸಿನ ಬಳ್ಳಿಯ ಗುಳಿಮಂಡಲ ಕೂತರೆ ಕೂತೇ ಇರುತ್ತದೆ.
ಸೋಮವಾರ ಕಂಡ ಕವಲಿನಲ್ಲೇ ಶುಕ್ರವಾರವೂ.
ವಿಷವಿದೆ, ಅವಸರವಿಲ್ಲ.
ಕಾಳು ಕೊಯ್ಯುವ ಕೆಂಚವ್ವ ಅದನ್ನು ನೋಡಿ
"ಈ ಮರ ಮುಂದಿನ ವಾರ" ಎಂದು ಏಣಿ ತಿರುಗಿಸುತ್ತಾಳೆ.
ಇಬ್ಬರಿಗೂ ಅಷ್ಟೇ ಸಾಕು.

ತೋಳಹಾವು ಗಾರೆಯ ತರಿ ಹಿಡಿದು
ನೆಟ್ಟಗೆ ಗೋಡೆ ಹತ್ತಿ ಮೀಟರ್ ಬೋರ್ಡಿಗೆ ಬರುತ್ತದೆ
ಹಲ್ಲಿಯ ಆಸೆಗೆ.
ಮೈಮೇಲೆ ಪಟ್ಟೆ ಕಂಡದ್ದೇ ಕಟ್ಟಾವೆಂದು ಹೊಡೆಯುತ್ತಾರೆ.
ಗೋಡೆ ಹತ್ತಿದ್ದೇ ಅದರ ಸಾಕ್ಷಿ.
ಸಾಕ್ಷಿ ಕೇಳುವಷ್ಟು ಹೊತ್ತು ಯಾರ ಕೈಯೂ ತಡೆಯುವುದಿಲ್ಲ.

ಕಟ್ಟಾವು ಗೋಡೆ ಹತ್ತಿದ್ದನ್ನು ನಾನಂತೂ ಕಂಡಿಲ್ಲ.
ಅದಕ್ಕೆ ಬೇಕಾದ ಎತ್ತರ
ಒಂದು ಚಾಪೆಯದು.

ಇನ್ನು ಕೊಂಬೇರಿ ಮೂರ್ಖ.
ಬೆನ್ನಿಗೆ ತಾಮ್ರದ ಬಣ್ಣ, ಹೊಟ್ಟೆಯ ಅಂಚಿಗೆ ಗೀರು,
ಆ ಗೀರಿನಲ್ಲೇ ತೊಗಟೆ ಕಚ್ಚಿ ತುದಿಯವರೆಗೂ ಹೋಗುತ್ತದೆ.
ಮನುಷ್ಯನನ್ನು ಕಚ್ಚಿ, ಮರದ ತುದಿಗೇರಿ,
ಚಿತೆಯ ಹೊಗೆ ಎದ್ದಿತೇ ಎಂದು ಕತ್ತು ಚಾಚಿ ನೋಡುತ್ತದಂತೆ.
ಹೊಗೆ ಕಾಣುವ ತನಕ ಇಳಿಯುವುದಿಲ್ಲವಂತೆ.
ಕಪ್ಪೆ ನುಂಗಿ ಬಿಸಿಲು ಕಾಯುವ ಪಾಪದ ಪ್ರಾಣಿ.
ಎಷ್ಟು ಸಲ ನಕ್ಕಿದ್ದೆ ಈ ಮಾತಿಗೆ.

ಮೊನ್ನೆ ರಾತ್ರಿ ಎಂಟೂವರೆಗೆ ಫೋನು ಬಂತು,
ಹುಣಸೇಕೊಪ್ಪಲಿನ ಕಡೆ ಕರೆಂಟಿಲ್ಲ ಎಂದು.
ಬೆಳಿಗ್ಗೆ ನೋಡೋಣ ಅಂದೆ. ಕಾಲುನೋವು ಅಂದೆ.
ಕಾಲು ನೋಯುತ್ತಿದ್ದದ್ದು ಸುಳ್ಳಲ್ಲ,
ಟೀವಿಯಲ್ಲಿ ಮ್ಯಾಚು ಇದ್ದದ್ದೂ ಸುಳ್ಳಲ್ಲ.

ಫ್ಯಾನು ತಿರುಗಲಿಲ್ಲ. ಸೆಕೆ.
ಲೈನ್ ಮನೆಯ ಸಾವಂತ್ರಿ ಮಂಚ ಬಿಟ್ಟು
ಬಾಗಿಲ ಬಳಿ ನೆಲಕ್ಕೆ ಚಾಪೆ ಹಾಸಿದಳು.
ನಾಲ್ಕು ಗಂಟೆಗೆ ಹೊಟ್ಟೆನೋವು ಅಂದಳಂತೆ.
ಐದಕ್ಕೆ ರೆಪ್ಪೆ ಎತ್ತಲಾಗಲಿಲ್ಲವಂತೆ.
ಬ್ಯಾಟರಿ ಹಿಡಿದು ಮೈಯೆಲ್ಲ ಹುಡುಕಿದರೂ
ಹಲ್ಲಿನ ಗುರುತು ಸಿಗಲಿಲ್ಲವಂತೆ.
ಟೊಮೆಟೊ ಒಯ್ಯುವ ಪಿಕಪ್ಪಿನಲ್ಲಿ ಹಾಸನಕ್ಕೆ.

ಏಳಕ್ಕೆ ಲೈನ್ ಕ್ಲಿಯರ್ ತಗೊಂಡು ಹತ್ತಿದೆ.
ಕೇರೆ ಅರ್ಧ ಸುಟ್ಟು, ಪೊರಕೆಯ ಕಡ್ಡಿಯಂತೆ ಸೆಟೆದು ನಿಂತಿತ್ತು.
ಗೂಡಿನಲ್ಲಿ ಮೊಟ್ಟೆ ಮೂರು, ಮುಟ್ಟದೆ ಹಾಗೇ.
ಕೋಲಿನಿಂದ ಬಿಡಿಸಿ ಕೆಳಗೆ ಹಾಕಿದೆ.
"ಆಯ್ತಾ ಅಣ್ಣ?" ಕೂಗಿದ ಇರ್ಷಾದ್.
ಆಗಿತ್ತು. ಇಳಿಯಬಹುದಿತ್ತು.

ಇನ್ನೆರಡು ಹೆಜ್ಜೆ ಮೇಲೆ ಹೋದೆ.
ಬೆಲ್ಟಿನ ಬಕಲು ಹೊಟ್ಟೆಗೆ ಒತ್ತುತ್ತಿತ್ತು.
ಸಿಲ್ವರ್ ಮರಗಳ ಆಚೆ, ಕೆರೆ ಕೋಡಿಯ ಪಕ್ಕ,
ಊರ ಸ್ಮಶಾನದ ಕಡೆಗೆ ಕತ್ತು ಚಾಚಿದೆ.

ಹೊಗೆ ಇರಲಿಲ್ಲ.

ಲೈನ್ ಮನೆಯ ಹಂಡೆಯೊಲೆಯಿಂದ ಮಾತ್ರ ಒಂದೆಳೆ.
ಯಾರೋ ನೀರು ಕಾಯಿಸುತ್ತಿದ್ದರು, ಯಾರಿಗೋ.

ಇಳಿದು ಚಾರ್ಜ್ ಮಾಡಿದೆ.
ಮೂರು ಊರಿನ ಫ್ಯಾನು ಒಟ್ಟಿಗೆ ತಿರುಗಿದವು,
ಅವಳ ಮನೆಯದೂ,
ಯಾರೂ ಮಡಿಸದ ಚಾಪೆಯ ಮೇಲೆ.