ಸೀಸ

ಐವತ್ತೆರಡನೆಯ ದಿನ ಹಡಗು ಬಂತು.
ಅಷ್ಟರಲ್ಲಿ ಗುಡ್ಡದ ಕೋಟೆಯೊಳಗೆ
ಕುದುರೆಗಳನ್ನೂ ತಿಂದು ಮುಗಿಸಿದ್ದರಂತೆ;
ಸದಾಶಿವಗಡದ ಮೇಲೆ
ಕಾಗೆ ಕೂಡ ಹಾರುವುದ ಬಿಟ್ಟಿತ್ತು.

ಕೆಳಗೆ ಹೊಳೆದಂಡೆಯಲ್ಲಿ, ಕೇದಿಗೆ ಹಿಂಡಿನ ಮರೆಗೆ
ಬಂಡೆದ್ದವರ ಬೆಂಕಿಗಳು.
ಅದರಲ್ಲೊಂದು ಅಣ್ಣ ಪುತ್ತುವಿನದು. ಯಾವುದೆಂದು
ಅವ್ವನಿಗೆ ಮಾತ್ರ ಗೊತ್ತು: ಹೊಗೆ ಜಾಸ್ತಿ ಇರುವುದು,
ಹಸಿ ಸೌದೆ ತುರುಕುವುದು ಅವನ ಹಳೆ ಚಟ.
ಕೋಟೆಯೊಳಗೆ ಅತ್ತೆ ಮಾಣ್ಕು,
ಸಿಪಾಯಿಗಳಿಗೆ ಭತ್ತ ಕುಟ್ಟಲು ಹೋದವಳು
ಬಾಗಿಲು ಬಿದ್ದಾಗ ಒಳಗೇ ಉಳಿದಳು.

ಅಳಿವೆ ದಾಟಿಸಲು ಅಪ್ಪನನ್ನು ಕರೆದೊಯ್ದರು.
ಕಾಳಿಯ ಬಾಯಲ್ಲಿ ಮರಳು
ವರ್ಷಕ್ಕೊಮ್ಮೆ ಮಗ್ಗುಲು ಬದಲಿಸುತ್ತದೆ;
ಆ ವರ್ಷದ ಮಗ್ಗುಲು ಗೊತ್ತಿದ್ದವ
ತಾಕು ಹರಿಕಂತ್ರ ಒಬ್ಬನೇ.

ಆಳ ನೋಡುವ ಸೀಸದ ತಳಕ್ಕೆ ಮೆತ್ತಲು
ಸಾಹೇಬ ಚರ್ಬಿಯ ಡಬ್ಬಿ ಕೊಟ್ಟ.
ಯಾವ ಪ್ರಾಣಿಯದು ಅಂತ ಅಪ್ಪ ಕೇಳಲಿಲ್ಲ.
ಆ ವರ್ಷ ಅದನ್ನು ಕೇಳಿದವರೇ
ಕೇದಿಗೆಯ ಹಿಂದೆ ಕೂತಿದ್ದರು.
ಸೊಂಟದ ಚೀಲದಿಂದ ಜೇನುಮೇಣ ತೆಗೆದು ಮೆತ್ತಿದ.

ಮೂರು ಮಾರು. ಮೇಣಕ್ಕೆ ಹತ್ತಿದ್ದು ಕಪ್ಪು ಕೆಸರು.
ಎರಡೂವರೆ. ಕೆಸರು.
ಎರಡು. ಒಂದು ಚಿಪ್ಪಿನ ಚೂರು.
ಅಪ್ಪ ಅದನ್ನು ಹೆಬ್ಬೆರಳಿಂದ ಮುಚ್ಚಿದನಂತೆ.
ಎಷ್ಟು ಹೊತ್ತು? ಎಂದೂ ಹೇಳಲಿಲ್ಲ.
ಒಂದು ಅಲೆ ಏರಿ ಇಳಿಯುವಷ್ಟು.
ಇಲ್ಲಾ, ತಂಗಿಯೊಬ್ಬಳು ಒನಕೆ ಎತ್ತಿ
ಖಾಲಿ ಒರಳಿಗೆ ಹಾಕುವಷ್ಟು.

ಆಮೇಲೆ, "ಎಡಕ್ಕೆ" ಎಂದ.

ತೋಪುಗಳು ಮಧ್ಯಾಹ್ನದವರೆಗೆ ಕೇದಿಗೆ ಸವರಿದವು.
ಸಂಜೆ ಕೋಟೆಯ ಬಾಗಿಲು ತೆರೆಯಿತು.
ಅತ್ತೆ ಇಳಿದು ಬಂದಳು, ಮುಖದಲ್ಲಿ ಬರೀ ಕಣ್ಣು;
ಗಂಜಿಯ ಬಟ್ಟಲ ಮುಂದೆ ಕೂತು
"ಪುತ್ತು ಎಲ್ಲಿ?" ಎಂದಳು.
ಅವಳಿಗೆ ಗೊತ್ತಿರಲಿಲ್ಲ.

ಬಿಡುಗಡೆ ಎಂದು ಕಂಪನಿಯವರು ಬಾವುಟ ಏರಿಸಿದರು.
ನಮ್ಮ ಕೇರಿಯಲ್ಲಿ ಆ ಮಾತು ಯಾರೂ ಆಡಲಿಲ್ಲ.
ಅಪ್ಪನಿಗೆ ಏಳು ರೂಪಾಯಿ ಸಿಕ್ಕಿತು.
ಅಳಿವೆಗೆ ಎಸೆದ ಎನ್ನುವವರುಂಟು.
ಇಲ್ಲ. ಅದರಲ್ಲಿ ಹಗ್ಗ ಕೊಂಡ.

ಮಳೆ ಕಳೆದ ಮೇಲೆ ಮಕ್ಕಳು ನಾವು
ದಂಡೆಯ ಮರಳಲ್ಲಿ ಗುಂಡು ಹೆಕ್ಕಿದೆವು,
ಮೇಲಿಂದ ಬಂದವು, ಕೆಳಗಿಂದ ಹೋದವು, ಬುಟ್ಟಿ ತುಂಬ.
ಅಪ್ಪ ಕರಗಿಸಿ ಬೀಸುಬಲೆಗೆ ಮಣಿ ಹೊಯ್ದ.
ಯಾವ ಸೀಸ ಯಾರದೆಂದು ಮೀನು ಕೇಳುವುದಿಲ್ಲ.
ಅವ್ವ ಕೇಳುತ್ತಿದ್ದಳು. ಬಲೆ ಒಣಹಾಕುವಾಗ
ಒಂದೊಂದೇ ಮಣಿ ಹಿಡಿದು, ಅಂಗೈಯಲ್ಲಿ ತೂಗಿ
ಮುಂದಿನದಕ್ಕೆ ಹೋಗುವಳು.

ಬಲೆ ಒಣಗಲು ಒಂದು ದಿನ ಸಾಕು.
ನಮ್ಮನೆಯಲ್ಲಿ ಎರಡು ಬೇಕಾಗುತ್ತಿತ್ತು.