ಒಂಬತ್ತು ಮಿಲಿಮೀಟರು

ಮಂಗಳವಾರ ಮಧ್ಯಾಹ್ನ ಮಾಂಸ ಹರಿಯತೊಡಗಿತು.
ಕತ್ತರಿಸುವುದೇ ಬೇರೆ, ಹರಿಯುವುದೇ ಬೇರೆ,
ಸಕಿನೆಗೆ ಅದು ಕಿವಿಯಲ್ಲೇ ಗೊತ್ತು.
ನಿನ್ನೆಯವರೆಗೆ ಸುಂಯ್ಯೆನ್ನುತ್ತಿದ್ದ ಯಂತ್ರ
ಇವತ್ತು ಗೊಣಗುತ್ತಿದೆ,
ಎಲೆಯೆಲೆಯಾಗಿ ಉದುರಬೇಕಾದ್ದು
ಚಿಂದಿ ಚಿಂದಿ.

ಷೆಫೀಲ್ಡಿನ ಏರುಬೀದಿ. ಹೊರಗೆ ಬಸ್ಸು
ಏದುಸಿರು ಬಿಡುತ್ತ ಹತ್ತುತ್ತದೆ.
ಒಳಗೆ ಕಂಬಿಗೆ ಪೋಣಿಸಿದ ಕುರಿಮಾಂಸ
ಬೆಂಕಿಗೆ ಬೆನ್ನು ಕೊಟ್ಟು, ಮತ್ತೆ ಎದೆ ಕೊಟ್ಟು
ಸುಮ್ಮನೆ ತಿರುಗುತ್ತದೆ.

ತಿರುಪು ಬಿಚ್ಚಿದಳು. ಅಲಗು ಅಂಗೈಗೆ ಬಿತ್ತು,
ಬೆಚ್ಚಗೆ, ಜಿಡ್ಡಾಗಿ, ಸಾಸರಿನಷ್ಟೂ ಇಲ್ಲ.
ಮಗಳ ಸ್ಕೇಲಿಟ್ಟು ಅಳೆದರೆ ತೊಂಬತ್ತೊಂದು.
ಕೊಂಡಾಗ ನೂರಿತ್ತು.
ದಿನಕ್ಕೆರಡು ಸಲ ಸಾಣೆ,
ಒಂದೊಂದು ಸಲಕ್ಕೂ ಕೂದಲೆಳೆಯ ಕಾಲು ಭಾಗ.
ಉಳಿದ ಒಂಬತ್ತು ಮಿಲಿಮೀಟರು ಉಕ್ಕು ಎಲ್ಲಿಗೆ ಹೋಯಿತು?
ಒರೆಸಿದ ಬಟ್ಟೆಗೆ ಸ್ವಲ್ಪ, ಚರಂಡಿಗೆ ಸ್ವಲ್ಪ,
ಮಿಕ್ಕಿದ್ದು
ಸರದಿಯಲ್ಲಿ ನಿಂತವರ ಮುಖ ನೋಡಿ
ಯೋಚನೆಯನ್ನು ಅಲ್ಲಿಗೇ ಬಿಟ್ಟಳು.

ಗಲ್ಲಾದ ಕೆಳಗಿನ ಡ್ರಾಯರಿನಲ್ಲಿ ಹಳೆಯ ತಪ್ಪುಗಳಿವೆ.
ನೋಡಲು ಅವಳಿಜವಳಿ ಅನ್ನಿಸಿದ್ದೊಂದು
ನಡುವಿನ ತೂತು ಅರ್ಧ ಮಿಲಿಮೀಟರು ದೊಡ್ಡದಾಗಿ
ಹಿದಿರ್‌ನ ಮಣಿಕಟ್ಟನ್ನು ಚಳಿಗಾಲ ಪೂರ್ತಿ ನಡುಗಿಸಿತ್ತು.
ಕೈಯೇ ಕೈಕೊಟ್ಟ ಮೇಲೆ ಅವನೀಗ
ಹಿಂದಿನ ಕೋಣೆಯಲ್ಲಿ ಲೆಟ್ಯೂಸ್ ತೊಳೆಯುತ್ತಾನೆ,
ಎಲ್ಬಿಸ್ತಾನಿನ ಮಾವನ ಉದ್ದ ಕತ್ತಿಯ ಮಾತಾಡುತ್ತಾನೆ.
ಅದಕ್ಕೆ ತೂತೇ ಇರಲಿಲ್ಲವಂತೆ.

ಫೋನಿನಲ್ಲಿ ಅಂಗಡಿಯ ಹುಡುಗ ಜೋರಾಗಿ ಕೇಳಿದ:
'ಹಲ್ಲಿರೋದು ಬೇಕೋ, ಹಲ್ಲಿಲ್ಲದ್ದೋ?'
'ಹಲ್ಲಿಲ್ಲದ್ದು ಇಲ್ಲೇ ಇದೆ ನೋಡು' ಎಂದು
ಕೌಂಟರಿನಾಚೆ ವಸಡು ತೋರಿಸಿದ ನಾರಿಸ್ ಸ್ಟ್ಯಾನಿಫೋರ್ತ್,
ಚಿಪ್ಸಿಗೆ ಕಾದು ನಿಂತವನು,
ಇದೇ ಊರಲ್ಲಿ ನಲವತ್ತೊಂದು ವರ್ಷ ಚಾಕು ಮಸೆದವನು.
ಹಲ್ಲೂ ಕಡಲೆಯೂ ಒಟ್ಟಿಗೆ ದಕ್ಕದ ಲೋಕದಲ್ಲಿ
ಅವನ ನಗು ಮಾತ್ರ ಇಡಿಯಾಗಿತ್ತು.

ಅಲಗನ್ನು ಕೇಳಿ ಇಸಿದುಕೊಂಡ. ಉಗುರಲ್ಲಿ ಮೀಟಿದ.
ಕಿವಿಯ ಹತ್ತಿರ ಹಿಡಿದು ಕಣ್ಣು ಮುಚ್ಚಿದ.
'ಅಂಚನ್ನು ಯಾಕಮ್ಮ ಅಳೀತೀಯ? ಅಂಚು ದಿನಕ್ಕೊಂದು ಹೇಳುತ್ತೆ.
ತೂತು ಅಳೆ. ಅದು ಸವೆಯೋದಿಲ್ಲ.
ಕೋಳಿಗಾದರೆ ಹಲ್ಲಿರಲಿ, ಕುರಿಗೆ ನುಣುಪೇ ಸೈ.'
ಸ್ವಲ್ಪ ಹೊತ್ತು ಬಿಟ್ಟು, ಕೇಳದೆಯೇ:
'ನಮ್ಮಪ್ಪ ಮಸೆದದ್ದರಲ್ಲಿ ಅರ್ಧ ಹೊಳಪು
ಅವನ ಎದೆಯೊಳಗೇ ಉಳೀತು.
ಐವತ್ತು ತುಂಬಲಿಲ್ಲ.'
ಸಕಿನೆ ಬಟ್ಟೆ ಕೊಡವಲು ಹೋದವಳು
ಕೊಡವದೆ ಮಡಿಚಿಟ್ಟಳು.

ಡ್ರಿಲ್ಲಿನ ಮೊನೆಗಳನ್ನು ತೂತಿಗೆ ಒಂದೊಂದಾಗಿ ಇಟ್ಟು ನೋಡಿದಳು:
ಎಂಟು ಅಲ್ಲಾಡಿತು,
ಒಂಬತ್ತು ಒಳಗೇ ಹೋಗಲಿಲ್ಲ,
ಎಂಟೂವರೆ ತನ್ನ ಮನೆಗೆ ಬಂದಂತೆ ಕೂತಿತು.
'ನೂರು, ಎಂಟೂವರೆ, ನುಣುಪು' ಎಂದಳು ಫೋನಿಗೆ.
'ಷೆಫೀಲ್ಡ್ ಅಂತ ಕೊರೆದಿದ್ದೂ ಇದೆ, ಎರಡು ಪೌಂಡು ಜಾಸ್ತಿ,
ಮಾಡೋದು ಮಾತ್ರ ಬೇರೆ ಕಡೆ' ಎಂದ ಹುಡುಗ.
ನಾರಿಸ್ ಚಿಪ್ಸಿನ ಪೊಟ್ಟಣಕ್ಕೆ ವಿನಿಗರ್ ಸುರಿದುಕೊಳ್ಳುತ್ತಿದ್ದ,
ಸುರಿದುಕೊಳ್ಳುತ್ತಲೇ ಇದ್ದ.
'ಹೆಸರಿಲ್ಲದ್ದನ್ನೇ ಕಳಿಸು' ಎಂದಳು.

ಗುರುವಾರ ಬಂತು, ಎಣ್ಣೆಗಾಗದದಲ್ಲಿ ಸುತ್ತಿ.
ಮೊದಲ ಎಲೆ ಎಷ್ಟು ತೆಳುವೆಂದರೆ
ಆಚೆಯ ಬೀದಿದೀಪ ಕಂಡಿತು.
ಅದನ್ನು ನಾರಿಸ್‌ಗೆಂದು ಎತ್ತಿಟ್ಟಳು, ಹಲ್ಲು ಬೇಕಿಲ್ಲದ್ದು.
ಹಿಂದಿನ ಕೋಣೆಯಲ್ಲಿ ನಲ್ಲಿ ನಿಂತಿತು.
'ಹೊಸದಾ?' ಎಂದಿತು ಹಿದಿರ್‌ನ ದನಿ. ಮತ್ತೆ ನೀರು.

ರಾತ್ರಿ ಕದ ಎಳೆದು, ದೀಪ ಆರಿಸುವ ಮುಂಚೆ
ಕೈ ಅಭ್ಯಾಸಬಲದಿಂದ ಸಾಣೆಯತ್ತ ಹೋಯಿತು.
ಇವತ್ತು ಬೇಡ.
ಇವತ್ತೊಂದು ದಿನ
ನೂರಕ್ಕೆ ನೂರಿರಲಿ.