ಒಂಬತ್ತನೆಯ ತೊಟ್ಟಿ

ತ್ಸ್ಕಾಲ್ಟುಬೊದ ನೀರನ್ನು ಯಾರೂ ಕಾಯಿಸುವುದಿಲ್ಲ.
ನೆಲದೊಳಗಿಂದ ಬೆಚ್ಚಗೇ ಬರುತ್ತದೆ,
ಎಳೆಗೂಸಿಗೆ ಎರೆಯುವ ಹದದಲ್ಲಿ.
ಒಂದು ಕಾಲಕ್ಕೆ ರೈಲುಗಟ್ಟಲೆ ಜನ ಬರುತ್ತಿದ್ದರು
ಮಂಡಿ, ಸೊಂಟ, ಕೀಲುಗಳನ್ನು ಹೊತ್ತುಕೊಂಡು.
ಈಗ ಛಾವಣಿಯ ನಡುವಿನ ತೂತಿನಿಂದ ಪಾರಿವಾಳ ಬರುತ್ತವೆ.
ಆಮೇಲೆ, ಮಂಗಳವಾರ, ಶುಕ್ರವಾರ, ಡಾಕ್ಟರ್ ಲಾಮಾರ,
ತೋಳಲ್ಲಿ ನಾಯಿ.

ಬೀಗದ ಕೈ ನನ್ನ ಹತ್ತಿರ. ಈ ಸ್ನಾನಗೃಹದ ಕಾವಲು ನನ್ನದು,
ಸಂಬಳ ಯಾರು ಕೊಡಬೇಕೆಂದು ಇನ್ನೂ ತೀರ್ಮಾನವಾಗಿಲ್ಲ.
"ಓತಿಯಾ, ಒಂಬತ್ತನೆಯದರಲ್ಲಿ ನೀರಿದೆಯಾ?"
ಇದೆ. ಉಳಿದ ತೊಟ್ಟಿಗಳಲ್ಲಿ ಅಂಜೂರ ಎದ್ದಿದೆ.

ಕುತಾಯಿಸಿಯ ಮಾರುಕಟ್ಟೆ ಹಿಂದೆ ಮಿನಿಬಸ್ಸು ಹತ್ತಿ ಹೋಗಿತ್ತಂತೆ.
ಮುಂದಿನರ್ಧ ನಾಯಿ, ಹಿಂದಿನರ್ಧ ಒದ್ದೆ ಚೀಲ.
ಕಟುಕನೊಬ್ಬ ಟೊಮೇಟೊ ಪೆಟ್ಟಿಗೆಯಲ್ಲಿ ಹಾಕಿ ತಂದು
"ಚುಚ್ಚಿ ಮಲಗಿಸಿಬಿಡಿ, ಪುಣ್ಯ ಬರುತ್ತೆ" ಅಂದನಂತೆ.
ಅವಳು ಚುಚ್ಚಿದಳು, ನೋವಿಗಷ್ಟೇ.
ಹೆಸರಿಟ್ಟವನು ಆ ಕಟುಕನೇ: ಕುರ್ಕಾ.
ಹಾಗೆಂದರೆ ನಮ್ಮಲ್ಲಿ ಗೊರಟೆ. ತಿಂದವರು ಉಗಿದದ್ದು.

ಮೊದಲ ಕೆಲಸ ಪ್ರತಿ ಸಲವೂ ಅದೇ:
ಸ್ಟೀಲಿನ ಇಕ್ಕಳದಿಂದ ಹಿಂಗಾಲಿನ ಬೆರಳನ್ನು
ಮೂಳೆಗೆ ತಾಗುವ ಹಾಗೆ ಒತ್ತುತ್ತಾಳೆ.
ಒತ್ತಿ, ಕಾಲು ನೋಡುವುದಿಲ್ಲ. ಮುಖ ನೋಡುತ್ತಾಳೆ.
ಕಾಲು ಸರಕ್ಕನೆ ಎಳೆದುಕೊಳ್ಳುತ್ತದೆ, ನಾನು ಕುಣಿಯುತ್ತೇನೆ.
"ಅದು ಲೆಕ್ಕಕ್ಕಿಲ್ಲ," ಅನ್ನುತ್ತಾಳೆ,
"ತಲೆ ತಿರುಗಬೇಕು. ನನ್ನನ್ನು ಕಚ್ಚಬೇಕು."
ಕುರ್ಕಾ ಪಾರಿವಾಳ ನೋಡುತ್ತಿರುತ್ತದೆ.

ಕಚ್ಚಲಿ ಎಂದು ಕಾಯುವವಳನ್ನು
ನನ್ನ ಅರವತ್ತೆಂಟು ವರ್ಷದಲ್ಲಿ ಅದೇ ಮೊದಲು ಕಂಡದ್ದು.

ಆಮೇಲೆ ಹೊಟ್ಟೆ ಹಿಂಡಿ ಉಚ್ಚೆ ತೆಗೆಯುವುದು.
ಅದು ದಿನಕ್ಕೆ ಮೂರು ಸಲ, ಹಬ್ಬವಿರಲಿ ಹಿಮವಿರಲಿ.
ಅವಳಿಲ್ಲದ ದಿನ ನಾನೇ. ಕಲಿತೆ.
ನಿಂಬೆ ಹಿಂಡಿದ ಹಾಗಲ್ಲ, ಕೆನೆ ಕಟ್ಟಿದ ಹಾಲಿಗೆ
ಕೈ ಇಟ್ಟ ಹಾಗೆ.
ಆಮೇಲೆ ನೀರು. ಎದೆಮಟ್ಟ ನಿಂತು, ಹೆಂಡತಿಯ ಹಳೇ ಶಾಲನ್ನು
ಅದರ ಹೊಟ್ಟೆಗೆ ಜೋಲಿ ಕಟ್ಟಿ ನಾನು ಹಿಡಿಯುತ್ತೇನೆ,
ಅವಳು ಹಿಂಗಾಲುಗಳನ್ನು ಒಂದೊಂದಾಗಿ ಮುಂದಿಡುತ್ತಾಳೆ,
ಎಣಿಸುತ್ತಾಳೆ. ನೂರು. ಇನ್ನೂರು.
ನಡುವೆ ಗಂಡನ ಸಾಲ, ಮಗಳ ಗಣಿತ, ಡೀಸೆಲ್ ಬೆಲೆ,
ಎಣಿಕೆ ಮಾತ್ರ ತಪ್ಪುವುದಿಲ್ಲ.

ಚಳಿಗಾಲ ಹೀಗೇ ಹೋಯಿತು.

ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಗೋಮಿ ತಿನ್ನುತ್ತಿದ್ದೆ,
ಬಿಸಿ ಜೋಳದ ಗಂಜಿಯೊಳಗೆ ಗಿಣ್ಣು ಕರಗುತ್ತಿತ್ತು.
ವಾಸನೆಗೆ ಕುರ್ಕಾ ಎದ್ದಿತು.
ಪೂರ್ತಿ ಎದ್ದಿತು.
ಕುಡಿದವನ ಹಾಗೆ, ಹಿಂಭಾಗ ಒಂದು ದಿಕ್ಕಿಗೆ ತಾನೊಂದು ದಿಕ್ಕಿಗೆ,
ಹೆಂಚಿನ ಮೇಲೆ ಉಗುರು ಕೆರೆಯುತ್ತ
ಏಳು ಹೆಜ್ಜೆ. ತಟ್ಟೆಗೆ ಬಾಯಿಟ್ಟಿತು.
ನಾನು ತಟ್ಟೆ ಬಿಟ್ಟುಕೊಟ್ಟು ಫೋನು ಹುಡುಕಿದೆ.

ಅವಳು ಬಂದಳು. ನೋಡಿದಳು. ಇಕ್ಕಳ ತೆಗೆದಳು.
ಒತ್ತಿದಳು.
ಕುರ್ಕಾ ನನ್ನ ಬೆರಳು ನೆಕ್ಕುತ್ತಿತ್ತು.

"ನಡೆಯಿತಲ್ಲ!" ಅಂದೆ, ಜಗಳಕ್ಕೆ ನಿಂತವನ ಹಾಗೆ.
"ನಡೆಯಿತು. ಅದರ ತಲೆಗೆ ಗೊತ್ತಿಲ್ಲ.
ಹುರಿ ತುಂಡಾಗಿದೆ, ಓತಿಯಾ. ಕೆಳಗೆ ಉಳಿದದ್ದು
ತನ್ನಷ್ಟಕ್ಕೆ ನಡಿಗೆ ಕಲಿತಿದೆ. ಮೇಲಿಂದ ಅಪ್ಪಣೆ ಬರುವುದಿಲ್ಲ,
ಅದು ಕಾಯುವುದೂ ಇಲ್ಲ."
ಮೂಗು ಸೀಟಿದಳು. ಸೈಕಲ್ ಟೈರು ಕತ್ತರಿಸಿ
ಹಿಂಗಾಲಿಗೆ ಬೂಟು ಹೊಲಿಯಲು ಕುಳಿತಳು.

ರಾತ್ರಿ ಕೋಣೆಗೆ ಹೋದೆ. ನಾಲ್ಕನೇ ಮಹಡಿ,
ಒಚಾಮ್ಚಿರೆಯಿಂದ ಓಡಿಬಂದಾಗ
ಎರಡು ವಾರಕ್ಕೆಂದು ಕೊಟ್ಟದ್ದು, ಮೂವತ್ತು ವರ್ಷವಾಯಿತು.
ಬಾಗಿಲು ತಳ್ಳಿದೆ. ಕೈ ಎಡಗಡೆ ಹೋಯಿತು,
ಗೋಡೆ ತಡವಿತು.
ಇಲ್ಲಿ ಸ್ವಿಚ್ಚು ಬಲಕ್ಕಿದೆ. ಯಾವತ್ತೂ ಬಲಕ್ಕೇ ಇತ್ತು.

ಹೊಸ್ತಿಲಲ್ಲಿ ಕುರ್ಕಾ.
ಮುಂಗಾಲು ಒಳಗೆ ಬಂದವು.
ಸ್ವಲ್ಪ ತಡೆದು,
ಹಿಂಗಾಲು.